ಹೊಳೆಗೆ ಉಸಿರು ಕಟ್ಟುವುದು ಹೇಗೆ? ಕಾಗದ ಕಾರ್ಖಾನೆಯ ನೀರು ಮತ್ತು ಮೀನಿನ ಕತೆ

ನಮ್ಮ ಅಜ್ಜಿ ಮನೆ ಉದ್ಯಾವರ ಹೊಳೆಯ ಬದಿಯಲ್ಲಿ. ಮನೆಯ ಹಿಂದೆ ಹೊಳೆ ನೀರು ಒಳಗೆ ಬಂದು ಸುಮ್ಮನೆ ನಿಲ್ಲುವ ಒಂದು ಮೂಲೆ ಇತ್ತು. ಕತ್ತದ ಹಗ್ಗಕ್ಕೆಂದು ತೆಂಗಿನ ಸಿಪ್ಪೆಯನ್ನು ಅಲ್ಲಿ ಕೊಳೆಯಲು ಹಾಕುತ್ತಿದ್ದರು. ಸಿಪ್ಪೆ ರಾಶಿ ಮಾಡಿ, ಮೇಲೆ ಕೆಸರು ಹೇರಿ, ತಿಂಗಳುಗಟ್ಟಲೆ ಬಿಡುವುದು. ನೀರಿಗೆ ಕಷಾಯದ ಬಣ್ಣ ಬರುತ್ತಿತ್ತು. ಕಾಲಿಟ್ಟರೆ ಮಸಿಯಂಥ ಕೆಸರು, ಬುಳುಬುಳು ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ. ನಾನು ಅಲ್ಲಿ ಗಾಳ ಹಾಕಲು ಹೋದರೆ ಮಾವ ನಗುತ್ತಿದ್ದರು. "ಅಲ್ಲಿ ಎಂತ ಸಿಗ್ತದೆ ಮಾರಾಯ? ಒಂದು ಏಡಿ ಸಹ ಇಲ್ಲ ಅಲ್ಲಿ!"

ಆ ಮೂಲೆಗೆ ಯಾರೂ ವಿಷ ಸುರಿದಿರಲಿಲ್ಲ. ಇದ್ದದ್ದು ತೆಂಗಿನ ಸಿಪ್ಪೆ ಮಾತ್ರ. ಮತ್ತೆ ಮೀನು ಯಾಕೆ ಬರುತ್ತಿರಲಿಲ್ಲ? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಕಾಗದ ಕಾರ್ಖಾನೆಯ ನೀರು ನದಿಗೆ ಏನು ಮಾಡುತ್ತದೆ ಎನ್ನುವುದರ ಅರ್ಧ ಭಾಗ ಗೊತ್ತಾದ ಹಾಗೆ. ಉಳಿದರ್ಧ ಸ್ವಲ್ಪ ವಿಚಿತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಗದದ ವಿಷಯ. ಮರ ಎಂದರೆ ನಾರು ಮತ್ತು ಅಂಟು. ನಾರಿನ ಹೆಸರು ಸೆಲ್ಯುಲೋಸ್. ಒಣಮರದ ತೂಕದಲ್ಲಿ ಅದು ಹೆಚ್ಚುಕಡಿಮೆ ಶೇ. 40ರಿಂದ 45. ನಾರುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವ ಅಂಟಿನ ಹೆಸರು ಲಿಗ್ನಿನ್. ಅದು ಶೇ. 20ರಿಂದ 30. ಕಾಗದಕ್ಕೆ ಬೇಕಾದದ್ದು ನಾರು, ಬೇಡವಾದದ್ದು ಅಂಟು. ಹಾಗಾಗಿ ಬಿದಿರನ್ನೋ ನೀಲಗಿರಿಯನ್ನೋ ನಮ್ಮ ಕಡಲ ಬದಿಯಲ್ಲಿ ಬೆಳೆಯುವ ಗಾಳಿಮರವನ್ನೋ ಚಕ್ಕೆ ಮಾಡಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಹಾಕಿ, ದೊಡ್ಡ ಕುಕ್ಕರಿನಂಥ ಪಾತ್ರೆಯಲ್ಲಿ ಸುಮಾರು 160–170 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಅಂಟು ಕರಗಿ ಹೋಗುತ್ತದೆ, ನಾರು ಉಳಿಯುತ್ತದೆ. ಕ್ರಾಫ್ಟ್ ವಿಧಾನ ಎನ್ನುವುದು ಇದಕ್ಕೇ. 19ನೇ ಶತಮಾನದ ಕೊನೆಯಲ್ಲಿ ಬಂದದ್ದು. ಇವತ್ತಿಗೂ ಪ್ರಪಂಚದಲ್ಲಿ ಮರವನ್ನು ರಾಸಾಯನಿಕದಲ್ಲಿ ಬೇಯಿಸಿ ಮಾಡುವ ಪಲ್ಪಿನಲ್ಲಿ, ಅಂದರೆ ಕಾಗದಕ್ಕೆ ಬೇಕಾದ ನಾರಿನ ಮುದ್ದೆಯಲ್ಲಿ, ಹೆಚ್ಚಿನದು ಹೀಗೇ ಆಗುವುದು.

ಈ ವಿಧಾನದಲ್ಲಿ ಒಂದು ಟನ್ ಪಲ್ಪ್ ಬೇಕಾದರೆ ಸುಮಾರು ಎರಡು ಟನ್ ಒಣಮರ ಬೇಯಬೇಕು. ಅಂದರೆ ಮರದ ಅರ್ಧ ಭಾಗ ನೀರಲ್ಲಿ ಕರಗುತ್ತದೆ. ಆ ನೀರು ಡಾಂಬರಿನಂತೆ ಕಪ್ಪು. ಕಾರ್ಖಾನೆಯವರು ಕರೆಯುವುದೇ ಬ್ಲ್ಯಾಕ್ ಲಿಕರ್ ಎಂದು. ದೊಡ್ಡ ಕಾರ್ಖಾನೆಗಳು ಇದನ್ನು ಗಟ್ಟಿ ಮಾಡಿ ಬಾಯ್ಲರಿನಲ್ಲಿ ಉರಿಸುತ್ತವೆ. ಅದರಿಂದ ಕರೆಂಟೂ ಬರುತ್ತದೆ, ಸೋಡಾವೂ ವಾಪಸ್ ಸಿಗುತ್ತದೆ. 1930ರ ದಶಕದಲ್ಲಿ ಬಂದ ಈ ಬಾಯ್ಲರ್ ಹೊಳೆಗಳ ಮೇಲೆ ದೊಡ್ಡ ಉಪಕಾರ ಮಾಡಿದೆ. ಆದರೆ ಅಂಥ ಬಾಯ್ಲರಿಗೆ ತುಂಬಾ ದುಡ್ಡು ಬೇಕು. ಬೈಹುಲ್ಲು, ಕಬ್ಬಿನ ಸಿಪ್ಪೆ ಬೇಯಿಸುವ ಸಣ್ಣ ಕಾರ್ಖಾನೆಗಳಿಗೆ ಅದು ಕೈಗೆಟುಕುತ್ತಿರಲಿಲ್ಲ. ಹಾಗಾಗಿ ಎಷ್ಟೋ ಕಡೆ ಸಣ್ಣ ಕಾರ್ಖಾನೆಯೇ ದೊಡ್ಡದಕ್ಕಿಂತ ಜಾಸ್ತಿ ಕೊಳೆ ಬಿಡುತ್ತಿತ್ತು. ಹಳೇ ಪೇಪರ್ ಕರಗಿಸಿ ಹೊಸತು ಮಾಡುವ ಕಾರ್ಖಾನೆಗಳಲ್ಲಿ ಲಿಗ್ನಿನ್ ಕಡಿಮೆ, ಆದರೆ ಪಿಷ್ಟ, ಸಣ್ಣ ನಾರು, ಶಾಯಿ ಇದ್ದೇ ಇರುತ್ತದೆ. ಪಿಷ್ಟ ಅಂದರೆ ಗಂಜಿ. ಗಂಜಿ ಸಹ ಹೊಳೆಗೆ ಹೊರೆಯೇ.

ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ನದಿಗಳ ದಡದಲ್ಲಿ ಮರ ಬೇಯಿಸುವ ದೊಡ್ಡ ಕಾರ್ಖಾನೆ ಇಲ್ಲ. ನಮಗೆ ಹತ್ತಿರದ್ದು ದಾಂಡೇಲಿಯಲ್ಲಿ, ಕಾಳಿ ನದಿಯ ಬದಿಯಲ್ಲಿ. ಘಟ್ಟದ ಆಚೆ ಭದ್ರಾವತಿಯಲ್ಲಿ ಭದ್ರಾ ದಡದ ಹಳೆಯ ಕಾರ್ಖಾನೆ ಈಗ ನಿಂತಿದೆ. ಹರಿಹರದ ಹತ್ತಿರ ತುಂಗಭದ್ರೆಯ ಬದಿಯಲ್ಲಿ ಬಟ್ಟೆಯ ರೇಯಾನಿಗೆ ಬೇಕಾದ ಪಲ್ಪ್ ಮಾಡುತ್ತಾರೆ. 1980ರ ದಶಕದಲ್ಲಿ ಅಲ್ಲಿ ಮೀನು ಸತ್ತು ತೇಲಿ, ಕೆಳಗಿನ ಊರಿನ ಜನ ಹೋರಾಟಕ್ಕೆ ಇಳಿದದ್ದು ಕೆಲವರಿಗೆ ನೆನಪಿರಬಹುದು. ತೆಂಕಣಕ್ಕೆ ಹೋದರೆ ಕೇರಳದ ಚಾಲಿಯಾರ್. ಅದು ನಮ್ಮ ನದಿಗಳ ಅಕ್ಕತಂಗಿಯ ಹಾಗೆ. ಘಟ್ಟದಲ್ಲಿ ಹುಟ್ಟಿ, ಸಣ್ಣ ದಾರಿ ಓಡಿ, ಅರಬ್ಬಿ ಸಮುದ್ರ ಸೇರುತ್ತದೆ. ಮಾವೂರಿನಲ್ಲಿ 1960ರ ದಶಕದಲ್ಲಿ ಶುರುವಾದ ಪಲ್ಪ್ ಕಾರ್ಖಾನೆ 1999ರಲ್ಲಿ ನಿಲ್ಲುವ ತನಕ ಅಲ್ಲಿನ ಮೀನುಗಾರರು, ಮರುವಾಯಿ ಎಂಬ ಚಿಪ್ಪುಜೀವಿ ಹೆಕ್ಕುವವರು ದಶಕಗಟ್ಟಲೆ ಜಗಳ ಮಾಡಿದರು.

ಮೀನು ಸಾಯುವುದು ವಿಷದಿಂದ ಮಾತ್ರ ಅಲ್ಲ

ಈಗ ಸಿಪ್ಪೆ ಮೂಲೆಗೆ ವಾಪಸ್ ಬರೋಣ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿಯ ಒಂದು ಲೀಟರ್ ಹೊಳೆ ನೀರಿನಲ್ಲಿ ಎಷ್ಟು ಗೊತ್ತಾ? ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ಮೀನಿನ ಬದುಕೆಲ್ಲ ಅಷ್ಟರಲ್ಲೇ ನಡೆಯಬೇಕು. ನೀರು ಬಿಸಿಯಾದಷ್ಟೂ ಉಪ್ಪಾದಷ್ಟೂ ಇದು ಇನ್ನೂ ಇಳಿಯುತ್ತದೆ. ತಣ್ಣಗಿನ ಯುರೋಪಿನ ಹೊಳೆಯಲ್ಲಿ 10–11 ಮಿಲಿಗ್ರಾಂ ಇರುತ್ತದೆ. ಅಂದರೆ ನಮ್ಮ ಹೊಳೆ ಚೆನ್ನಾಗಿದ್ದಾಗಲೂ ಅದರ ಕೈಯಲ್ಲಿರುವ ಗಂಟು ಸಣ್ಣದು. ಮೀನು ಬದುಕಿ ಮರಿ ಮಾಡಬೇಕಾದರೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು ಎಂಬುದು ನಮ್ಮ ದೇಶದ ಮಾಲಿನ್ಯ ಮಂಡಳಿಯ ಅಳತೆ. ಏಳೂವರೆಗೂ ನಾಲ್ಕಕ್ಕೂ ನಡುವೆ ಇರುವುದು ಮೂರೂವರೆ. ಈ ಮೂರೂವರೆಯನ್ನು ನೆನಪಿಟ್ಟುಕೊಳ್ಳಿ.

ಕರಗಿದ ಮರ ಎಂದರೆ ಸಕ್ಕರೆ, ಆಮ್ಲ, ಸಣ್ಣಪುಟ್ಟ ಸಾವಯವ ವಸ್ತು. ಅದು ಬ್ಯಾಕ್ಟೀರಿಯಾಗಳಿಗೆ ಮದುವೆ ಊಟ. ಎಲೆ ಹಾಕಿದ್ದೇ ತಡ, ಅವು ಲಕ್ಷ ಕೋಟಿಯಲ್ಲಿ ಹೆಚ್ಚುತ್ತವೆ. ತಿನ್ನುವಾಗ ಅವೂ ಉಸಿರಾಡಬೇಕಲ್ವಾ? ಆ ಉಸಿರು ಬರುವುದು ಮೀನಿನ ಪಾಲಿನಿಂದ. ಪಾಲು ಮುಗಿದ ಮೇಲೆ ಆಮ್ಲಜನಕ ಬೇಡದ ಬೇರೆ ಬ್ಯಾಕ್ಟೀರಿಯಾಗಳು ಕೆಲಸ ಹಿಡಿಯುತ್ತವೆ. ಅವು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕೆಸರು ಕಪ್ಪಾಗುವುದು ಅದು ಕಬ್ಬಿಣದ ಜೊತೆ ಸೇರಿ. ಅಜ್ಜಿ ಮನೆಯ ಮೂಲೆಯಲ್ಲಿ ಆಗಿದ್ದೂ ಇದೇ. ಕಾಗದ ಕಾರ್ಖಾನೆ ಅಂದರೆ ಒಂದು ಊರಿನಷ್ಟು ದೊಡ್ಡ ಸಿಪ್ಪೆ ಗುಂಡಿ ಎಂದುಕೊಂಡರೆ ಬಹಳ ತಪ್ಪಾಗದು.

ಈ ಹಸಿವನ್ನು ಅಳೆಯುವ ಲೆಕ್ಕಕ್ಕೆ ಬಿಒಡಿ ಎನ್ನುತ್ತಾರೆ. ಒಂದು ಲೀಟರ್ ನೀರಿನ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಎಂಬುದೇ ಬಿಒಡಿ. ನೀರನ್ನು ಬಾಟಲಿಯಲ್ಲಿ ಮುಚ್ಚಿಟ್ಟು, ಕೆಲವು ದಿನ ಬಿಟ್ಟು, ಎಷ್ಟು ಕಡಿಮೆಯಾಯಿತು ಎಂದು ನೋಡುವುದು. ಇಂಗ್ಲೆಂಡಿನಲ್ಲಿ ನೂರು ವರ್ಷಕ್ಕೂ ಹಿಂದೆ ಇದಕ್ಕೆ ಐದು ದಿನ ಎಂದು ಗೊತ್ತು ಮಾಡಿದರು. ಅಲ್ಲಿಯ ನದಿ ನೀರು ಸಮುದ್ರ ಸೇರಲು ಹೆಚ್ಚೆಂದರೆ ಐದು ದಿನ ಬೇಕು ಎಂಬುದು ಅದಕ್ಕೆ ಕಾರಣ ಅಂತ ಹೇಳುವುದುಂಟು. 1912ರಲ್ಲಿ ಅಲ್ಲಿನ ರಾಯಲ್ ಆಯೋಗ ಇನ್ನೊಂದು ಮಾತೂ ಹೇಳಿತ್ತು. ಬಿಟ್ಟ ಕೊಳೆ ನೀರಿಗೆ ಕನಿಷ್ಠ ಎಂಟು ಪಾಲು ನದಿ ನೀರು ಸೇರುವಂತಿದ್ದರೆ ಮಾತ್ರ ತಾನು ಇಟ್ಟ ಬಿಒಡಿ ಮಿತಿ ಸಾಕು ಎಂದು. ಬಿಒಡಿ ಎಲ್ಲ ಕಡೆ ಹೋಯಿತು. ಎಂಟು ಪಾಲಿನ ಮಾತು ದಾರಿಯಲ್ಲೇ ಬಿದ್ದುಹೋಯಿತು. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಅಲ್ಲೇ.

ಯಾಕೆಂದರೆ ನಮ್ಮಲ್ಲಿ ನದಿಗೆ ಬಿಡಬಹುದಾದ ನೀರಿನ ಬಿಒಡಿ ಮಿತಿ ಲೀಟರಿಗೆ 30 ಮಿಲಿಗ್ರಾಂ. ಕೇಳಲು ಸಣ್ಣದು. ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 500 ಟನ್ ಕಾಗದ ಮಾಡುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ಟನ್ನಿಗೆ 50,000 ಲೀಟರ್ ನೀರು ಹೊರಗೆ ಬಿಡುತ್ತದೆ ಎಂದುಕೊಳ್ಳಿ. ದಿನಕ್ಕೆ ಎರಡೂವರೆ ಕೋಟಿ ಲೀಟರ್ ಆಯಿತು. ನಿಯಮ ಪಾಲಿಸಿದರೂ ಅದು ನದಿಯಿಂದ ದಿನಕ್ಕೆ 750 ಕಿಲೋ ಆಮ್ಲಜನಕ ಕೇಳುತ್ತದೆ. ಒಂದು ಲೀಟರ್ ನದಿ ನೀರು ಕೊಡಬಲ್ಲದ್ದು ಮೂರೂವರೆ ಮಿಲಿಗ್ರಾಂ. ಹಾಗಾದರೆ ದಿನಕ್ಕೆ 21 ಕೋಟಿ ಲೀಟರಿಗೂ ಮೇಲೆ ಒಳ್ಳೆ ನೀರು ಬೇಕು. ಸೆಕೆಂಡಿಗೆ ಸುಮಾರು 2,500 ಲೀಟರ್. ಬೇಸಿಗೆಯಲ್ಲಿ ಮಂಗಳೂರಿನ ಗಲ್ಲಿಗಳಲ್ಲಿ ಓಡಾಡುವ 12,000 ಲೀಟರಿನ ಟ್ಯಾಂಕರ್ ಐದು ಸೆಕೆಂಡಿಗೊಂದು ಬಂದು ಸುರಿದ ಹಾಗೆ, ಹಗಲೂ ರಾತ್ರಿಯೂ. ಶುದ್ಧ ಮಾಡುವ ಘಟಕ ಕೈಕೊಟ್ಟು ಬಿಒಡಿ 300 ಆಯಿತೆಂದರೆ ಇದರ ಹತ್ತು ಪಟ್ಟು. ಹರಿಯುವ ನೀರು ಗಾಳಿಯಿಂದ ಮತ್ತೆ ಉಸಿರು ತುಂಬಿಕೊಳ್ಳುತ್ತದೆ, ಅದನ್ನು ನಾನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದರೂ ಅಂದಾಜು ಸಿಕ್ಕಿತಲ್ಲ.

ಆಟಿಯ ಮಳೆಗೆ ನೇತ್ರಾವತಿಗೆ ಇದು ಯಾವ ಲೆಕ್ಕವೂ ಅಲ್ಲ. ಆದರೆ ಏಪ್ರಿಲಿನಲ್ಲಿ? ಕರಾವಳಿಯ ನದಿಗಳ ಸ್ವಭಾವವೇ ಹಾಗೆ. ನಾಲ್ಕು ತಿಂಗಳು ಹುಚ್ಚು ಹರಿವು, ಬೇಸಿಗೆಗೆ ಕಲ್ಲಿನ ನಡುವೆ ನೂಲಿನಂಥ ನೀರು. ಅದೂ ಸಾಲದೆಂಬಂತೆ ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತೇವೆ. ತೋಟಕ್ಕೆ, ಕುಡಿಯುವ ನೀರಿಗೆ ಬೇಕೇ ಬೇಕು, ನಾನು ಅದನ್ನು ತಪ್ಪು ಎನ್ನುತ್ತಿಲ್ಲ. ಆದರೆ ಕಲ್ಲಿಗೆ ಬಡಿದು ನೊರೆ ಎದ್ದು ಹರಿಯುವ ನೀರು ಗಾಳಿ ಕುಡಿಯುವಷ್ಟು ನಿಂತ ನೀರು ಕುಡಿಯುವುದಿಲ್ಲ. ಸಿಗಡಿ ಕೆರೆಯಲ್ಲಿ ಚಕ್ರ ತಿರುಗಿಸುವುದು ಇದೇ ಕಾರಣಕ್ಕೆ. ಹಾಗಾಗಿ ಜುಲೈಯಲ್ಲಿ ನದಿ ತಡೆದುಕೊಳ್ಳುವ ಕೊಳೆಯನ್ನು ಅದೇ ನದಿ ಏಪ್ರಿಲಿನಲ್ಲಿ ತಡೆದುಕೊಳ್ಳುವುದಿಲ್ಲ. ಕೊಳೆ ಕಾಗದದ್ದೇ ಆಗಬೇಕೆಂದಿಲ್ಲ, ಊರಿನ ಡ್ರೈನೇಜ್ ನೀರಿಗೂ ಲೆಕ್ಕ ಒಂದೇ.

ಇನ್ನೊಂದು ವಿಷಯ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಕಾರ್ಖಾನೆಯ ಪೈಪಿನ ಬಾಯಲ್ಲಿ ಮೀನು ಓಡಾಡುತ್ತಿರುತ್ತದೆ. ನೋಡಿ, ಏನೂ ಆಗಿಲ್ಲ ಎನ್ನುತ್ತಾರೆ. ಆದರೆ ಬ್ಯಾಕ್ಟೀರಿಯಾಗಳು ಹೆಚ್ಚಲು, ತಿನ್ನಲು ಸಮಯ ಬೇಕು. ಅಷ್ಟರಲ್ಲಿ ನೀರು ಎಷ್ಟೋ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಆಮ್ಲಜನಕ ಎಲ್ಲಕ್ಕಿಂತ ಕೆಳಗೆ ಇಳಿಯುವುದು ಪೈಪಿನ ಹತ್ತಿರ ಅಲ್ಲ, ಕೆಳಗಿನ ಯಾವುದೋ ಊರಿನ ಕಡವಿನಲ್ಲಿ. ಅಲ್ಲಿಂದ ಮುಂದೆ ನಿಧಾನಕ್ಕೆ ಮೇಲೇರುತ್ತದೆ. ಅಮೆರಿಕದ ಓಹಾಯೋ ನದಿಯ ಮೇಲೆ ಕೆಲಸ ಮಾಡಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬ ಇಬ್ಬರು 1925ರಲ್ಲೇ ಇದಕ್ಕೆ ಗಣಿತ ಕೊಟ್ಟರು. ಗ್ರಾಫಿನಲ್ಲಿ ನೋಡಿದರೆ ಎರಡು ಕಂಬಕ್ಕೆ ಕಟ್ಟಿ ಜೋತು ಬಿದ್ದ ಬಟ್ಟೆ ಹಗ್ಗದ ಹಾಗೆ. ಮೀನು ತೇಲುವುದು ಹೆಚ್ಚಾಗಿ ಬೆಳಗಿನ ಜಾವ, ಅದಕ್ಕೂ ಕಾರಣ ಉಂಟು. ಹಗಲಲ್ಲಿ ಪಾಚಿ ಬಿಸಿಲು ತಿಂದು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಸಿರು ಎಳೆದುಕೊಳ್ಳುತ್ತದೆ. ಹತ್ತು ಗಂಟೆಗೆ ಬಂದು ಬಾಟಲಿ ತುಂಬಿಸಿಕೊಂಡು ಹೋಗುವ ಅಧಿಕಾರಿಗೆ ಐದು ಗಂಟೆಯ ನೀರು ಸಿಗುವುದಿಲ್ಲ.

ಕಲ್ಲು ಮಗುಚಿ ನೋಡಿದರೆ

ಮೀನು ಸಾಯುವುದು ಕೊನೆಗೆ. ಅದಕ್ಕೂ ಮೊದಲೇ ಹೊಳೆಯ ತಳದಲ್ಲಿ ಬದಲಾವಣೆ ಆಗಿರುತ್ತದೆ. ಕಾರ್ಖಾನೆಯಿಂದ ಬರುವ ಸಣ್ಣ ನಾರು ತೊಯ್ದ ಹತ್ತಿಯ ಹಾಗೆ ಮರಳಿನ ಮೇಲೆ ಕೂರುತ್ತದೆ. ಕಲ್ಲುಗಳ ಸಂದಿ ಮುಚ್ಚುತ್ತದೆ. ಮೀನು ಮೊಟ್ಟೆ ಇಡುವುದು ಆ ಸಂದಿಯಲ್ಲಿ, ಮೊಟ್ಟೆಗೆ ನೀರು ಸುಳಿದಾಡಬೇಕಾದದ್ದೂ ಅಲ್ಲೇ. ಕೆಲವೊಮ್ಮೆ ಕಲ್ಲಿಗೆ ಬೂದು ಬಣ್ಣದ ಉಣ್ಣೆಯಂಥದ್ದು ಜೋತು ಬೀಳುತ್ತದೆ. ನೋಡಿದವರು ಪಾಚಿ ಎಂದೋ ಬೂಷ್ಟು ಎಂದೋ ತಿಳಿಯುತ್ತಾರೆ. ಹೆಚ್ಚಾಗಿ ಅದು ಸ್ಫೆರೋಟೈಲಸ್ ಎಂಬ ಬ್ಯಾಕ್ಟೀರಿಯಾ. ಸಕ್ಕರೆಯಂಶ ಇರುವ ಕೊಳೆ ನೀರು ಅದಕ್ಕೆ ಬಹಳ ಇಷ್ಟ.

ಶಿಶಿಲದ ಕಪಿಲಾ ನದಿಯಂಥ ತೊರೆಯಲ್ಲಿ ಒಂದು ಕಲ್ಲು ಮಗುಚಿದರೆ ಚಪ್ಪಟೆ ಮೈಯ, ಬಾಲಕ್ಕೆ ಎರಡು ಮೂರು ಎಳೆ ಇರುವ ಹುಳಗಳು ಓಡುತ್ತವೆ. ಮೇಫ್ಲೈ ಎಂಬ ಕೀಟದ ಮರಿಗಳು ಅವು. ಅವುಗಳಿಗೆ ಉಸಿರು ಜಾಸ್ತಿ ಬೇಕು. ಆ ನದಿಯ ದೇವರ ಮೀನುಗಳಿಗೂ ಹಾಗೇ, ರಭಸದ ನೀರೇ ಆಗಬೇಕು. ಕೊಳೆ ಸೇರಿದಾಗ ಮೊದಲು ಕಾಣೆಯಾಗುವುದು ಈ ಹುಳಗಳು. ಅವುಗಳ ಜಾಗಕ್ಕೆ ಕೆಂಪು ಹುಳ ಬರುತ್ತದೆ. ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇರುವುದರಿಂದ ಇದ್ದಬದ್ದ ಆಮ್ಲಜನಕವನ್ನೆಲ್ಲ ಅದು ಹಿಡಿದುಕೊಳ್ಳುತ್ತದೆ. ಮೀನಿನಲ್ಲೂ ಹಾಗೇ. ಮುಗುಡು ಮೇಲೆ ಬಂದು ಗಾಳಿ ಗುಟುಕರಿಸಿ ಬದುಕಿಕೊಳ್ಳುತ್ತದೆ. ಮೊದಲ ಮಳೆಗೆ ಗದ್ದೆ ಹತ್ತುವ ಮೀನು ಹಿಡಿದವರಿಗೆಲ್ಲ ಅದರ ಗಟ್ಟಿತನ ಗೊತ್ತು. ಹಾಗಾಗಿ "ಹೊಳೆಯಲ್ಲಿ ಮೀನು ಉಂಟಲ್ಲ" ಎಂದು ಯಾರಾದರೂ ಹೇಳಿದರೆ ಯಾವ ಮೀನು ಎಂದು ಕೇಳಬೇಕು.

ಬಣ್ಣದ ವಿಷಯ ಬೇರೆ. ಕಾರ್ಖಾನೆಯ ಶುದ್ಧೀಕರಣ ಕೆರೆಯಲ್ಲಿ ಗಾಳಿ ಊದಿ, ಬ್ಯಾಕ್ಟೀರಿಯಾ ಸಾಕಿ, ಹೊಳೆಯಲ್ಲಿ ನಡೆಯುವ ಊಟವನ್ನು ಅಲ್ಲೇ ಮುಗಿಸುತ್ತಾರೆ. ಚೆನ್ನಾಗಿ ನಡೆಸಿದರೆ ಬಿಒಡಿ ಶೇ. 90ರಷ್ಟು ಇಳಿಯುತ್ತದೆ. ಆದರೂ ನೀರು ಚಹಾ ಬಣ್ಣದಲ್ಲೇ ಇರುತ್ತದೆ. ಲಿಗ್ನಿನ್ ಬ್ಯಾಕ್ಟೀರಿಯಾಗಳ ಹಲ್ಲಿಗೆ ಬಗ್ಗುವುದಿಲ್ಲ. ಮಳೆಗಾಲದಲ್ಲಿ ಬಿದ್ದ ಮರದ ಮೇಲೆ ಏಳುವ ಕೆಲವು ಅಣಬೆಗಳಿಗೆ ಮಾತ್ರ ಅದನ್ನು ಪೂರ್ತಿ ಒಡೆಯುವ ವಿದ್ಯೆ ಗೊತ್ತು. ಕಂದು ನೀರು ಉಸಿರು ಕಸಿಯದಿರಬಹುದು, ಆದರೆ ಬಿಸಿಲನ್ನು ತಡೆಯುತ್ತದೆ. ತಳದ ಪಾಚಿ ಸೊರಗುತ್ತದೆ, ಅದನ್ನು ಮೇಯುವ ಬಸವನಹುಳು, ಮೀನು ಸೊರಗುತ್ತವೆ. ಉಲ್ಟಾ ಸಹ ನಿಜ. ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಒಳ್ಳೆಯದೆಂದಲ್ಲ.

ಗಂಡಾಗಲು ಹೊರಟ ಹೆಣ್ಣು ಮೀನು

ಈಗ ಆ ವಿಚಿತ್ರ ಅರ್ಧ. ಮಂಗಳೂರಿನವರಿಗೆ ಗಂಬೂಸಿಯಾ ಮೀನಿನ ಪರಿಚಯ ಬೇಕಿಲ್ಲ. ಮಲೇರಿಯಾ ಕಾಟಕ್ಕೆ ಬಾವಿಗೆ, ಟ್ಯಾಂಕಿಗೆ ಬಿಟ್ಟ ಸೊಳ್ಳೆ ತಿನ್ನುವ ಪುಟ್ಟ ಮೀನು. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಗಂಡಿಗೆ ಹೊಟ್ಟೆಯಡಿಯ ಒಂದು ರೆಕ್ಕೆ ಉದ್ದವಾಗಿ ಕಡ್ಡಿಯಂತೆ ಇರುತ್ತದೆ, ಕೂಡುವುದು ಅದರಿಂದ. ಹೆಣ್ಣಿಗೆ ಅದು ಸಾದಾ ರೆಕ್ಕೆ. 1970ರ ದಶಕದ ಕೊನೆಗೆ ಅಮೆರಿಕದ ಫ್ಲೋರಿಡಾದಲ್ಲಿ, ಕಾಗದ ಕಾರ್ಖಾನೆಯ ನೀರು ಸೇರುವ ಇಲೆವೆನ್‌ಮೈಲ್ ಕ್ರೀಕ್ ಎಂಬ ಹೊಳೆಯಲ್ಲಿ ಹೆಣ್ಣು ಗಂಬೂಸಿಯಾಗಳಿಗೂ ಆ ಕಡ್ಡಿ ಬೆಳೆದಿರುವುದು ಕಂಡಿತು. ಕೆಲವು ಗಂಡಿನ ಹಾಗೆ ಬೇರೆ ಹೆಣ್ಣುಗಳ ಬೆನ್ನು ಹತ್ತುತ್ತಿದ್ದವು. ಮರದಲ್ಲಿ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಗಂಡು ಹಾರ್ಮೋನಿನಂಥದ್ದಾಗಿ ಮಾರ್ಪಡಿಸುತ್ತವೆ ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ. ಈ ಮೀನುಗಳು ಸತ್ತಿರಲಿಲ್ಲ. ಎಣಿಸಿ ನೋಡಿದರೆ ಹೊಳೆ ಪಾಸ್.

1980ರ ದಶಕದಲ್ಲಿ ಸ್ವೀಡನ್ನಿನ ನೊರ್ಸುಂಡೆಟ್ ಕಾರ್ಖಾನೆಯ ಹತ್ತಿರದ ಸಮುದ್ರದಲ್ಲಿ ಪರ್ಚ್ ಮೀನುಗಳ ಬೀಜಕೋಶ, ಅಂಡಾಶಯ ಸಣ್ಣದಾಗಿರುವುದು ಗೊತ್ತಾಯಿತು. ಕೆನಡಾದ ಜ್ಯಾಕ್‌ಫಿಶ್ ಬೇಯಲ್ಲಿ ಸಕ್ಕರ್ ಮೀನುಗಳು ತಡವಾಗಿ ಪ್ರಾಯಕ್ಕೆ ಬರುತ್ತಿದ್ದವು. ಅಲ್ಲಿ 1989ರಲ್ಲಿ ಹೊಸ ಶುದ್ಧೀಕರಣ ಘಟಕ ಬಂತು. ಮೀನನ್ನು ಕೂಡಲೇ ಕೊಲ್ಲುವ ವಿಷ ಹೋಯಿತು. ಸಂತಾನದ ತೊಂದರೆ ಮಾತ್ರ ಉಳಿಯಿತು. ಮೊದಲು ಎಲ್ಲರೂ ಬೆರಳು ತೋರಿಸಿದ್ದು ಕ್ಲೋರಿನ್ ಕಡೆಗೆ. ಪಲ್ಪನ್ನು ಬೆಳ್ಳಗೆ ಮಾಡಲು ಕ್ಲೋರಿನ್ ಅನಿಲ ಹಾಕುತ್ತಿದ್ದ ಕಾಲ ಅದು. ಕ್ಲೋರಿನ್ ಲಿಗ್ನಿನ್ನಿನ ಚೂರುಗಳಿಗೆ ಅಂಟಿಕೊಂಡರೆ ಸುಲಭಕ್ಕೆ ಕೊಳೆಯದ ವಸ್ತುಗಳಾಗುತ್ತವೆ. ಅವುಗಳಲ್ಲಿ ಕೆಟ್ಟದ್ದು ಡಯಾಕ್ಸಿನ್. ಮೀನಿನ ಕೊಬ್ಬಿನಲ್ಲಿ ಕೂತು, ಅದನ್ನು ತಿಂದವರ ಮೈಗೂ ಬರುತ್ತದೆ. ಹಾಗಾಗಿ ಕ್ಲೋರಿನ್ ಬದಲು ಕ್ಲೋರಿನ್ ಡೈಆಕ್ಸೈಡ್, ಆಮ್ಲಜನಕ, ಪೆರಾಕ್ಸೈಡ್ ಬಂದವು. ಡಯಾಕ್ಸಿನ್ ತುಂಬಾ ಇಳಿಯಿತು, ಇದು ನಿಜವಾದ ಗೆಲುವು. ನಮ್ಮಲ್ಲೂ 2003ರಲ್ಲಿ ಕೇಂದ್ರ ಸರಕಾರ ಮತ್ತು ಕಾರ್ಖಾನೆಗಳ ನಡುವೆ ಆದ ಒಪ್ಪಂದದಲ್ಲಿ ಈ ಕ್ಲೋರಿನ್ ವಸ್ತುಗಳಿಗೆ ಮಿತಿ ಬಂತು. ಟನ್ ಕಾಗದಕ್ಕೆ ಮೊದಲು ಒಂದೂವರೆ ಕಿಲೋ, ಆಮೇಲೆ ಒಂದು ಕಿಲೋ. ಆದರೆ ಕ್ಲೋರಿನ್ ಮುಟ್ಟದ ಕಾರ್ಖಾನೆಗಳ ಕೆಳಗೂ ಹಾರ್ಮೋನಿನ ಎಡವಟ್ಟು ಕಂಡಿದೆ. ಅಂದರೆ ತಪ್ಪು ಬ್ಲೀಚಿಂಗಿನದ್ದು ಮಾತ್ರವಲ್ಲ, ಮರದ ರಸದ್ದೂ ಉಂಟು.

ಹೊಳೆಯ ಕೊನೆ ಅಳಿವೆ. ಉಪ್ಪು ನೀರು ತಾಗಿದಾಗ ಕರಗಿದ ಲಿಗ್ನಿನ್ ಹಾಲು ಒಡೆದ ಹಾಗೆ ಮುದ್ದೆಯಾಗಿ ತಳಕ್ಕಿಳಿಯುತ್ತದೆ. ನೀರು ಕಣ್ಣಿಗೆ ತಿಳಿಯಾಗುತ್ತದೆ, ಹೊರೆ ಕೆಸರಿಗೆ ಹೋಗುತ್ತದೆ. ಮರುವಾಯಿ ಬದುಕುವುದು ಆ ಕೆಸರಿನಲ್ಲಿ, ನೀರನ್ನು ಸೋಸಿ ತಿಂದುಕೊಂಡು. ಮೀನಾದರೆ ಓಡಿ ಹೋಗಬಹುದು. ಮರುವಾಯಿ ಎಲ್ಲಿಗೆ ಹೋಗುತ್ತದೆ?

ಅಜ್ಜಿ ಮನೆಯಲ್ಲಿ ಈಗ ಸಿಪ್ಪೆ ಹಾಕುವವರಿಲ್ಲ. ನೈಲಾನ್ ಹಗ್ಗ ಬಂದು ಎಷ್ಟೋ ಕಾಲವಾಯಿತು. ಆ ಮೂಲೆಯ ನೀರು ಎರಡು ಮಳೆಗಾಲಕ್ಕೇ ತಿಳಿಯಾಯಿತಂತೆ. ಕಳೆದ ಬೇಸಿಗೆಯಲ್ಲಿ ಹೋದಾಗ ದಡದಲ್ಲಿ ಏಡಿ ತೂತುಗಳಿದ್ದವು, ಸಣ್ಣ ಮೀನುಗಳು ಕಾಲಿಗೆ ಕುಟುಕಿದವು. ಇನ್ನೆರಡು ಹೆಜ್ಜೆ ಮುಂದೆ ಇಟ್ಟೆ. ಕಾಲು ಮೊಣಕಾಲಿನ ತನಕ ಹೂತುಹೋಯಿತು. ಎಳೆದು ತೆಗೆದರೆ ಕೆಳಗಿನದ್ದು ಅದೇ ಮಸಿ ಕೆಸರು, ಅದೇ ಕೊಳೆತ ಮೊಟ್ಟೆಯ ವಾಸನೆ. ಮಾವ ದಡದಲ್ಲಿ ನಿಂತು, "ಅದು ನಿನ್ನ ಅಜ್ಜನ ಕಾಲದ್ದು" ಎಂದರು.